ನದೀಮುಖದ ಹನ್ನೊಂದು ಮರಗಳು

ಹೆರಿಂಗ್ ಬೇ, ಮಿಶಿಗನ್
ಏಪ್ರಿಲ್ 3, 1984

ಪ್ರೀತಿಯ ಮಗಳು ಹೆಲ್ವಿಗೆ,

ನಿನ್ನಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾಯಿತೆಂದು ಬೈಯಬೇಡ, ಬೈದರೂ ಡುಲೂತ್‌ನಿಂದ ಇಲ್ಲಿಗೆ ಕೇಳಿಸುವುದಿಲ್ಲ, ಬೈದುಕೋ. ಕೆಲಸ ಜಾಸ್ತಿಯಿತ್ತು ಎಂದು ಬರೆಯೋಣವೆಂದರೆ ನೀನು ಈ ಮನೆಯಲ್ಲೇ ಬೆಳೆದವಳು. ಈ ತಿಂಗಳಲ್ಲಿ ನಮ್ಮಂಥವರ ಕೆಲಸ ಎಂಥದ್ದೆಂದು ನಿನಗೆ ಗೊತ್ತು.

ಜಿಂಕೆ ಬೇಟೆ ನವೆಂಬರಿಗೇ ಮುಗಿಯಿತು. ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಇಟ್ಟಿದ್ದ ಗುಡಿಸಲುಗಳೆಲ್ಲ ದಡಕ್ಕೆ ಬಂದಾಯಿತು. ನದಿಯಲ್ಲಿ ಗಾಳ ಹಾಕಬೇಕಾದರೆ ಈ ತಿಂಗಳ ಕೊನೆಯ ಶನಿವಾರದವರೆಗೆ ಕಾಯಬೇಕು. ಅಲ್ಲಿಯವರೆಗೆ ಊರಿನ ಗಂಡಸರೆಲ್ಲ ಮನೆಯೊಳಗೆ ಕಾಲಿಗೆ ಕೈಗೆ ಅಡ್ಡ ಸಿಕ್ಕಿ ಹೆಂಡಿರ ಹತ್ತಿರ ಉಗಿಸಿಕೊಳ್ಳುತ್ತಿದ್ದಾರೆ. ನನಗೆ ಉಗಿಯುವವರಿಲ್ಲ. ಮಂಜುಗಡ್ಡೆ ಕೊರೆಯುವ ಬೈರಿಗೆಯ ಅಲಗು ಮಸೆದೆ. ಕಬ್ಬಿಣದ ಬೋನುಗಳನ್ನು ಮರದ ತೊಗಟೆ ಹಾಕಿ ಕುದಿಸಿ ಮೇಣ ಸವರಿದೆ. ಸೊಂಟದವರೆಗಿನ ರಬ್ಬರ್ ಬೂಟಿನೊಳಗೆ ದೀಪ ಇಳಿಬಿಟ್ಟು ತೂತು ಹುಡುಕಿದೆ, ಏಳು ಸಿಕ್ಕವು. ಈಗ ಅಡುಗೆಮನೆಯ ಮೇಜಿನ ಮೇಲೆ ಗಾಳಕ್ಕೆ ಗರಿ, ಕೂದಲು ಸುತ್ತಿ ಮೀನಿಗೆ ಮೋಸದ ನೊಣ ಕಟ್ಟುತ್ತಾ ಕೂತಿದ್ದೇನೆ. ನಿನ್ನಮ್ಮ ಇದ್ದಾಗ ಬನ್ನಿನ ಹಿಟ್ಟಿನಲ್ಲಿ ಗರಿ ಸಿಕ್ಕಿ ಎಷ್ಟು ರಂಪವಾಗುತ್ತಿತ್ತು! ಈಗ ಗರಿ ಎಲ್ಲಿ ಬಿದ್ದರೂ ಕೇಳುವವರಿಲ್ಲ.

ಪಕ್ಕದ ಮನೆಯ ಆಲ್ಬಿನ್ ದಿನಾ ಬೆಳಿಗ್ಗೆ ಏಳಕ್ಕೆ ಕಾಫಿಗೆ ಹಾಜರು. ನಲವತ್ತು ವರ್ಷದಿಂದ ಒಂದೇ ದೋಣಿಯಲ್ಲಿ ಕೂತವನು, ಇನ್ನೂ ಅವನ ಬಾಯಿಗೆ ಬೀಗವಿಲ್ಲ. ಮೊನ್ನೆ ನಾನು ಕಟ್ಟಿದ ನೊಣವೊಂದನ್ನು ಎತ್ತಿ ಹಿಡಿದು, "ಏನಯ್ಯಾ ಇದು, ನೊಣಾನೋ ಸತ್ತ ಇಲಿಯೋ? ಇದನ್ನ ನೋಡಿ ಮೀನು ನಕ್ಕು ನಕ್ಕು ಸತ್ರೆ ಸಾಯ್ಬೇಕು, ಕಚ್ಚಿಯಂತೂ ಸಾಯಲ್ಲ" ಅಂದ. "ನಿನ್ನ ಮೂತಿ ನೋಡೇ ಇಷ್ಟು ವರ್ಷ ಸತ್ತಿಲ್ಲ, ಇದಕ್ಕೆ ಸಾಯ್ತಾವಾ?" ಅಂದೆ. ಹೀಗೇ ದಿನ ತಳ್ಳುತ್ತಿದ್ದೇವೆ.

ನಿನ್ನ ಗಂಡನ ಬಗ್ಗೆ ನೀನು ಕೇಳಿದ ಮಾತನ್ನು ಮರೆತಿಲ್ಲ. "ಅಪ್ಪಾ, ಲೆಸ್ಟರ್ ಆ ದಿನ ಕುಡಿದಿದ್ನಾ? ಹೌದು, ಇಲ್ಲ, ಅಷ್ಟೇ ಹೇಳು. ವರ್ಷ ತುಂಬ್ತಾ ಬಂತು, ಗೋರಿಗೆ ಕಲ್ಲು ಹಾಕಿಸಿ ಅಂತ ಚರ್ಚ್‌ನೋರು ಬರೀತಾ ಇದಾರೆ. ಇನ್ನು ಕುಡಿಯಲ್ಲ ಅಂತ ನಂಗೆ ಕೊಟ್ಟ ಮಾತು ಮುರಿದೋನ ಹೆಸರು ಕೆತ್ತಿಸೋಕೆ ನಂಗೆ ಮನಸ್ಸಿಲ್ಲ" ಎಂದು ಬರೆದಿದ್ದೀಯ. ಆ ಕಾಗದ ಸಕ್ಕರೆ ಡಬ್ಬಿಗೆ ಒರಗಿಕೊಂಡು ನನ್ನೆದುರಿಗೇ ಇದೆ. ಹೇಳುತ್ತೇನೆ, ಸ್ವಲ್ಪ ತಾಳು. ಅದಕ್ಕೆ ಮೊದಲು ಇಲ್ಲಿ ನಡೆದ ಒಂದು ವಿಚಿತ್ರ ಹೇಳಬೇಕು.

ಸರೋವರದ ಮೇಲಿನ ಮರದ ಕೆಲಸ ಹತ್ತೊಂಬತ್ತು ವರ್ಷದಿಂದ ನನ್ನದೇ ಅಲ್ಲವೇ. ಹಬ್ಬ ಮುಗಿದ ಮೇಲೆ ಊರವರು ಹೊರಗೆಸೆದ ಕ್ರಿಸ್‌ಮಸ್ ಮರಗಳನ್ನು ಜಾರುಬಂಡಿಯಲ್ಲಿ ಹೇರಿಕೊಂಡು ಹೋಗಿ, ಮಂಜುಗಡ್ಡೆಯಲ್ಲಿ ತೂತು ಕೊರೆದು, ದಡದಿಂದ ಗುಡಿಸಲುಗಳವರೆಗೆ ನೂರು ಹೆಜ್ಜೆಗೊಂದು ನೆಡುವುದು. ಹಿಮಗಾಳಿ ಎದ್ದು ಚಾಚಿದ ಕೈ ಕಾಣದಂತಾದರೂ ಮರದಿಂದ ಮರಕ್ಕೆ ಬಂದರೆ ಮನೆ ಸಿಗುತ್ತದೆ. ಎಲ್ಲಾದರೂ ಗಡ್ಡೆ ಕಪ್ಪಾಗಿ ತೆಳುವಾಯಿತೋ, ಅಲ್ಲಿಯ ಮರ ಕಿತ್ತು ಗಟ್ಟಿಯಿದ್ದ ಕಡೆ ನೆಡುವ ಹೊಣೆಯೂ ನನ್ನದೇ. ನಮ್ಮೂರಿನವರು ಕಾಲ ಕೆಳಗಿನ ಗಡ್ಡೆ ನೋಡಿ ನಡೆಯುವವರಲ್ಲ, ಮರ ನೋಡಿ ನಡೆಯುವವರು.

ಈ ಚಳಿಗಾಲದಲ್ಲಿ ಮೊದಲಿಂದಲೇ ಸಾಲನ್ನು ಕರಿಬಂಡೆಯ ಆಚೆಯಿಂದ ಹಾಕಿದ್ದೆ. ನದಿ ಬಂದು ಸೇರುವ ಆ ಬಾಯಿಯ ಹತ್ತಿರ, ಲೆಸ್ಟರ್ ಗಡ್ಡೆ ಒಡೆದು ಮುಳುಗಿದನಲ್ಲ ಅಲ್ಲಿಗೆ, ನಾನು ಸುಳಿದೇ ಇರಲಿಲ್ಲ. ಮೊನ್ನೆ ನಾನೂ ಆಲ್ಬಿನ್ನೂ ಮೂವತ್ತೆಂಟು ಮರಗಳನ್ನೂ ಕಿತ್ತು ತಂದು ದೋಣಿಮನೆಯ ಪಕ್ಕ ರಾಶಿ ಹಾಕಿದೆವು. ಮಾರನೆಯ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ನದೀಮುಖದ ಹತ್ತಿರ ಒಂದು ಮರ ನಿಂತಿದೆ.

"ಯಾವನೋ ತಮಾಷೆಗೆ ನೆಟ್ಟಿದಾನೆ" ಎಂದು ಆಲ್ಬಿನ್ ಹಾರೆ ಹೆಗಲಿಗೇರಿಸಿ ನನ್ನ ಜೊತೆ ಬಂದ. ಗಡ್ಡೆ ಅಲ್ಲಿ ಇನ್ನೂ ನಮ್ಮನ್ನು ತಾಳುವಷ್ಟಿತ್ತು. ಮರ ಹಿಡಿದು ಅಲ್ಲಾಡಿಸಿದ, ಮಿಸುಕಲಿಲ್ಲ. ಕೂತು ನೋಡಿದ. ಹೊಸದಾಗಿ ನೆಟ್ಟ ಮರದ ಬುಡದಲ್ಲಿ ಬೈರಿಗೆಯ ಪುಡಿ ಇರುತ್ತದೆ, ಗಡ್ಡೆ ಬೆಳ್ಳಗೆ ಒಡೆದಿರುತ್ತದೆ. ಇಲ್ಲಿ ಬೂದುಬಣ್ಣದ ಹಳೆಯ ಗಡ್ಡೆ ಬುಡವನ್ನು ಕಚ್ಚಿ ಹಿಡಿದಿತ್ತು. "ಇದು ನೆನ್ನೆ ನೆಟ್ಟಿದ್ದಲ್ಲ ಕಣಯ್ಯಾ, ಜನವರಿಯಿಂದ ಇಲ್ಲೇ ಇರೋ ಹಂಗಿದೆ" ಅಂದ. ದಡಕ್ಕೆ ಬಂದು ರಾಶಿ ಎಣಿಸಿದೆವು. ಮೂವತ್ತೆಂಟು ಮರಗಳೂ ಅಲ್ಲೇ ಬಿದ್ದಿದ್ದವು.

ಏಪ್ರಿಲ್ 6

ಕಾಗದವನ್ನು ಅಂಚೆಗೆ ಹಾಕಲಾಗಲಿಲ್ಲ, ಮುಂದುವರಿಸುತ್ತೇನೆ. ಈಗ ಐದು ಮರಗಳಿವೆ.

ದಿನಾ ಬೆಳಿಗ್ಗೆ ಒಂದೊಂದು ಹೆಚ್ಚುತ್ತಿದೆ, ನೂರು ಹೆಜ್ಜೆಗೊಂದು, ನದಿಯ ಬಾಯಿಯತ್ತ ನೇರ ಸಾಲು. ಹೆಜ್ಜೆಗುರುತಿಲ್ಲ, ಬಂಡಿಯ ಗೆರೆಯಿಲ್ಲ. ನಿನ್ನೆ ಕೊಡಲಿ ತೆಗೆದುಕೊಂಡು ಹೋಗಿ ಎರಡನ್ನು ಬುಡದಲ್ಲಿ ಕಡಿದು ಎಳೆದು ತಂದೆ. ಇವತ್ತು ನೋಡಿದರೆ ಅದೇ ಜಾಗದಲ್ಲಿ ನಿಂತಿವೆ, ಕಡಿದ ಗುರುತೇ ಇಲ್ಲ. ಕೈಗೆ ಅಂಟಿದ ಮರದ ಅಂಟು ಮಾತ್ರ ಇನ್ನೂ ಹೋಗಿಲ್ಲ.

ನಾನು ಹೆದರುಪುಕ್ಕಲನಲ್ಲ ಎಂದು ನಿನಗೆ ಗೊತ್ತು. ಗಾಯಗೊಂಡ ಕರಡಿಯ ಹಿಂದೆ ಪೊದೆಯೊಳಗೆ ಹೋದವನು ನಾನು. ಆದರೆ ಈ ಮರಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ ಮಗಳೇ. ಕಿಟಕಿಗೆ ಬೆನ್ನು ಹಾಕಿ ನೊಣ ಕಟ್ಟಲು ಕೂತರೆ ಮತ್ತೆ ಮತ್ತೆ ತಿರುಗಿ ನೋಡುತ್ತೇನೆ. ಬೆನ್ನ ಹಿಂದೆ ಯಾರೋ ಸುಮ್ಮನೆ ನಿಂತು ಕಾಯುತ್ತಿರುವ ಹಾಗೆ ಅನಿಸುತ್ತದೆ.

ಇವತ್ತು ಆಲ್ಬಿನ್ ತಮಾಷೆ ಮಾಡಲಿಲ್ಲ. ಕಾಫಿ ಲೋಟ ತಿರುಗಿಸುತ್ತಾ ಕೇಳಿದ.

"ಉರ್ಹೊ, ಇದು ಹೋದ ವರ್ಷದ ದಾರಿ ಅಲ್ವೇನೋ?"

"ಇರ್ಬೋದು."

"ಇರ್ಬೋದು ಏನು, ಅದೇ. ನಾನೂ ಅದರ ಮೇಲೇ ಓಡಾಡಿಲ್ವಾ? ಗಡ್ಡೆ ಕಪ್ಪಾಯ್ತು ಅಂತ ಲೆಸ್ಟರ್ ಹೋದ ದಿನ ಬೆಳಿಗ್ಗೆ ನೀನು ಕಿತ್ತು ಬಂಡೆ ಆಚೆ ನೆಟ್ಟಿದ್ಯಲ್ಲ, ಆ ಸಾಲು."

"ಹೌದು."

"ಬೆಳಿಗ್ಗೇನೇ ಕಿತ್ತಿದ್ದೆ ಅಲ್ವಾ?"

"ಕಿತ್ತಿದ್ದೆ ಅಂದ್ನಲ್ಲ ಮಾರಾಯಾ! ಎಷ್ಟು ಸಲ ಹೇಳ್ಬೇಕು ನಿಂಗೆ?"

ಕೂಗಾಡಿಬಿಟ್ಟೆ. ಆಲ್ಬಿನ್ ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು, "ಕೇಳ್ದೆ ಅಷ್ಟೇ" ಎಂದು ಎದ್ದು ಹೋದ. ನಲವತ್ತು ವರ್ಷದಲ್ಲಿ ಅವನು ನನ್ನ ಮನೆಯ ಕಾಫಿಯನ್ನು ಅರ್ಧಕ್ಕೆ ಬಿಟ್ಟಿದ್ದು ಇದೇ ಮೊದಲು.

ಊರವರು ಲೆಸ್ಟರ್ ಬಗ್ಗೆ ಏನಂದರೆಂದು ನಿನಗೆ ಗೊತ್ತೇ ಇದೆ. ಮರದ ಸಾಲು ಬಂಡೆಯಾಚೆ ಕಣ್ಣಿಗೆ ಹೊಡೆಯುವಂತೆ ಇರುವಾಗ, ನೆಟ್ಟಗಿರುವವನು ಯಾರಾದರೂ ನದಿಯ ಬಾಯಿಗೆ ಹೋಗುತ್ತಾನೆಯೇ ಎಂದರು. ಗುರುತಿನ ದಾರಿ ಬಿಟ್ಟು ಹೋದ ಎಂದು ಪೊಲೀಸರ ಕಾಗದದಲ್ಲೂ ಬಂತು. ಹಳೆಯ ಚಟ, ಮತ್ತೆ ಶುರುಮಾಡಿದ್ದ ಅಂತ ಕಾಣುತ್ತೆ ಎಂದು ಯಾರೋ ಅಂದರು, ಎಲ್ಲರೂ ತಲೆದೂಗಿದರು. ನೀನು ಶವಪೆಟ್ಟಿಗೆಯ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಲ್ಲು ಕಚ್ಚಿ ನಿಂತಿದ್ದೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ.

ಏಪ್ರಿಲ್ 10

ಒಂಬತ್ತು.

ಈಗ ಅಲ್ಲಿಗೆ ಹೋಗಲಾಗುವುದಿಲ್ಲ. ಕೊನೆಯ ಮೂರು ಮರಗಳು ನಿಂತಿರುವ ಗಡ್ಡೆ ನಾಯಿಯನ್ನೂ ತಾಳುವುದಿಲ್ಲ, ಶಾಯಿಯ ಹಾಗೆ ಕಪ್ಪಗಿದೆ. ಅದರ ಮೇಲೆ ನಿಂತು ಮರ ನೆಡುವವರು ಯಾರು ಹೇಳು? ಜಿಂಕೆ ಬೇಟೆಯ ದುರ್ಬೀನು ತೆಗೆದು ನೋಡಿದೆ. ಎಂಟನೆಯ ಮರದ ತುದಿಯಲ್ಲಿ ನೀಲಿಯದೇನೋ ಇತ್ತು. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ನೀಲಿ ಉಲ್ಲನ್ನಿನ ನಕ್ಷತ್ರ. ನಿಮ್ಮಿಬ್ಬರ ಮನೆಯ ಮೊದಲ ಕ್ರಿಸ್‌ಮಸ್ಸಿಗೆ ನೀನು ಹೆಣೆದು, ತೆಗೆಯಲು ಮರೆತು ಮರದ ಜೊತೆಗೇ ಕೊಟ್ಟಿದ್ದೆಯಲ್ಲ, ಅದು.

ಹೆಲ್ವಿ, ಆ ಮರವನ್ನು ಹೋದ ವರ್ಷ ಮೇ ತಿಂಗಳಲ್ಲಿ ಸಾಲಿನ ಉಳಿದ ಮರಗಳ ಜೊತೆ ದಂಡೆಯ ಮೇಲೆ ನಾನೇ ಕೈಯಾರೆ ಸುಟ್ಟೆ. ಊರೆಲ್ಲ ನಿಂತು ನೋಡಿತು. ನಕ್ಷತ್ರ ಮೊದಲು ಹೊತ್ತಿಕೊಂಡಿತು, ಉಲ್ಲನ್ ಸುಟ್ಟ ನಾತ ಈಗಲೂ ನನ್ನ ಮೂಗಿನಲ್ಲಿದೆ.

ಆಲ್ಬಿನ್‌ನನ್ನು ಕರೆದು ದುರ್ಬೀನು ಕೊಟ್ಟೆ. ನೋಡಿದ, ವಾಪಸ್ಸು ಕೊಟ್ಟ. ಆಮೇಲೆ ನನ್ನ ಮುಖ ಬಹಳ ಹೊತ್ತು ನೋಡಿದ. ಆ ದುರ್ಬೀನಿಗಿಂತ ಅದು ನನಗೆ ಕಷ್ಟವಾಯಿತು.

ಏಪ್ರಿಲ್ 14

ನಿನ್ನೆ ಮಧ್ಯಾಹ್ನ ದಕ್ಷಿಣದ ಗಾಳಿ ಎದ್ದು ಗಡ್ಡೆ ಒಡೆಯಿತು. ಪಿರಂಗಿ ಹಾರಿಸಿದ ಹಾಗೆ ಸದ್ದು. ಸಂಜೆಯೊಳಗೆ ಕೊಲ್ಲಿಯೆಲ್ಲ ತೆರವಾಗಿ, ಚೂರುಗಳೆಲ್ಲ ತೇಲಿ ಸರೋವರದ ನಡುವಿಗೆ ಹೋದವು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ವಾರದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡು ಮಲಗಿದೆ.

ಇವತ್ತು ಬೆಳಿಗ್ಗೆ ಒಳ್ಳೆಯ ಬಿಸಿಲು. ನೀಲಿ ನೀರು, ಸಣ್ಣ ಅಲೆ, ಬಾತುಕೋಳಿಗಳು ಬಂದಿವೆ. ಆ ನೀರಿನ ಮೇಲೆ ಹನ್ನೊಂದು ಮರಗಳು ಸಾಲಾಗಿ ನಿಂತಿವೆ, ಮೊನ್ನೆ ಹನ್ನೊಂದಾದ ಮೇಲೆ ಒಂದೂ ಹೆಚ್ಚಿಲ್ಲ. ಕೆಳಗೆ ಗಡ್ಡೆಯಿಲ್ಲ, ನಾಲ್ಕಾಳು ಆಳದ ನೀರು. ಅಲೆ ಬಂದು ಬುಡಕ್ಕೆ ಬಡಿಯುತ್ತದೆ, ಒಂದು ರೆಂಬೆಯೂ ಅಲ್ಲಾಡುವುದಿಲ್ಲ. ಬಾತುಕೋಳಿಗಳು ಆ ಸಾಲು ದಾಟುತ್ತಿಲ್ಲ.

ಆಲ್ಬಿನ್ ಬಂದ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ. "ಮಗಳಿಗೆ ಕಾಗದ ಮುಗಿಸ್ದ್ಯಾ?" ಎಂದು ಕೇಳಿದ. ಇಲ್ಲ ಅಂದೆ. "ಮುಗಿಸಯ್ಯಾ. ನಾನೇ ಅಂಚೆಗೆ ಹಾಕ್ತೀನಿ. ನೀನು ಹಾಕಲ್ಲ, ನಂಗೊತ್ತು" ಎಂದ. ಈಗಲೂ ಅಲ್ಲೇ ಕೂತಿದ್ದಾನೆ, ನನ್ನ ಪೆನ್ನಿನ ಸದ್ದಿಗೆ ಕಿವಿಗೊಟ್ಟು.

ಹುಷಾರಾಗಿರು. ಚಳಿ ಹೋಯಿತೆಂದು ಕೋಟು ಬಿಟ್ಟು ಓಡಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಸಿಟ್ಟು ಬಂದರೆ ಉಪವಾಸ ಕೂರುವವಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗಳೇ. ನಿನ್ನಮ್ಮನ ಪಾಲಿನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನ ಅಪ್ಪ,
ಉರ್ಹೊ ರಂತಾಲ

ತಾ.ಕ.: ಅವನು ಕುಡಿದಿರಲಿಲ್ಲ. ಗಡ್ಡೆಯ ಮೇಲೆ ಬಿದ್ದಿದ್ದ ಅವನ ಫ್ಲಾಸ್ಕನ್ನು ನಾನೇ ಮೂಸಿ ನೋಡಿದೆ, ಬರೀ ಕಾಫಿ. ಅವನು ದಾರಿಯನ್ನೂ ಬಿಟ್ಟಿರಲಿಲ್ಲ. ನದೀಮುಖದ ಗಡ್ಡೆ ಕಪ್ಪಾಗಿದ್ದನ್ನು ನಾನು ನಾಲ್ಕು ದಿನ ಮೊದಲೇ ನೋಡಿದ್ದೆ. ನಾಳೆ ಕಿತ್ತರಾಯಿತು, ನಾಳೆ ಕಿತ್ತರಾಯಿತು ಎಂದು, ಜಿಂಕೆ ಉದುರಿಸಿದ ಕೊಂಬು ಹುಡುಕುತ್ತಾ ಕಾಡಿನಲ್ಲಿ ಅಲೆಯುತ್ತಿದ್ದೆ. ಆ ಮಧ್ಯಾಹ್ನ ಹಿಮಗಾಳಿ ಎದ್ದಾಗ ಅವನು ತನ್ನ ಮೀನು ಗುಡಿಸಲು ಎಳೆದು ತರಲು ಹೊರಟಿದ್ದ. ನಾನು ನೆಟ್ಟ ಮರಗಳನ್ನು ನಂಬಿ, ಒಂದರಿಂದ ಒಂದಕ್ಕೆ, ನೇರ ನೀರಿಗೆ ಹೋದ. ದಡದಲ್ಲಿದ್ದ ನಾನೂ ಆಲ್ಬಿನ್ನೂ ಗಡ್ಡೆ ಒಡೆದ ಸದ್ದು ಕೇಳಿ ಎದ್ದೆವು. ಆಲ್ಬಿನ್ ಹಗ್ಗಕ್ಕೂ ಜನಕ್ಕೂ ಊರೊಳಗೆ ಓಡಿದ, ನಾನು ಅಲ್ಲಿಗೆ ಓಡಿದೆ. ಆ ಹಿಮಗಾಳಿಯಲ್ಲಿ ಅವರೆಲ್ಲ ಬರಲು ಗಂಟೆ ಹಿಡಿಯಿತು, ಅಷ್ಟರಲ್ಲಿ ಕರಗಿ ಸಡಿಲವಾಗಿದ್ದ ಗಡ್ಡೆಯಿಂದ ಹನ್ನೊಂದು ಮರಗಳನ್ನೂ ಕಿತ್ತು ಬಂಡೆಯಾಚೆ ಹಿಮದಲ್ಲಿ ಸಿಕ್ಕಿಸಿದ್ದೆ. ಬೆಳಿಗ್ಗೆಯೇ ಬದಲಾಯಿಸಿದ್ದೆ ಎಂದೆ. ಎಲ್ಲರೂ ನಂಬಿದರು, ನೀನೂ ನಂಬಿದೆ. ಕಲ್ಲು ಹಾಕಿಸು ಹೆಲ್ವಿ, ಅವನ ಹೆಸರು ದೊಡ್ಡದಾಗಿ ಕೆತ್ತಿಸು. ಈ ಕಾಗದವನ್ನು ಪೊಲೀಸರಿಗೂ ಚರ್ಚಿನವರಿಗೂ ತೋರಿಸು. ಇನ್ನೊಂದು ಮಾತಿದೆ, ಅದನ್ನು ಆಲ್ಬಿನ್‌ಗೂ ಹೇಳಿಲ್ಲ. ಅಲ್ಲಿಗೆ ಹೋದಾಗ ನೀರಿನ ಮೇಲೆ ಅವನ ಟೋಪಿ ಇತ್ತು. ಲೆಸ್ಟರ್, ಲೆಸ್ಟರ್ ಎಂದು ಎರಡು ಸಲ ಕೂಗಿದೆ. ಎರಡನೆಯ ಕೂಗಿಗೆ ಗಡ್ಡೆಯ ಅಂಚಿನ ಕಡೆಯಿಂದ ಯಾರೋ ಓಗೊಟ್ಟ ಹಾಗಾಯಿತು. ಗಾಳಿ ಎಂದುಕೊಂಡು ನಾನು ಮರಗಳ ಕಡೆ ತಿರುಗಿದೆ.