‘ಅದು’ ಅಲ್ಲ, ಅಂಜಮ್ಮನವರು

ಶಾಲಾ ತಪಾಸಣೆಗೆಂದು ಬಂದು, ಟೀ ಕುಡಿದು, ಒಂದು ಹಾಳೆ ಕಿತ್ತುಕೊಂಡು ಹೋದ ಮಾನ್ಯ ಅಧಿಕಾರಿಗಳೇ,

ಆ ಹಾಳೆ ನಮಗೆ ವಾಪಸು ಬೇಕು. ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗಳು ವಾಣಿಶ್ರೀ, ಶಾಲೆಯ ಐವತ್ತನೇ ವರ್ಷದ ಹಬ್ಬಕ್ಕೆ ಬರೆದದ್ದು ಅದು. ಹಿರಿಯರನ್ನು ಕೇಳಿ ಊರಿನ ಚರಿತ್ರೆ ಬರೆಯಿರಿ ಎಂದು ಟೀಚರು ಹೇಳಿದ್ದರು. ಬೇರೆ ಮಕ್ಕಳು ಕೆರೆ, ಪಾಳೇಗಾರ, ವೀರಗಲ್ಲು ಅಂತ ಬರೆದರು. ಇವಳು ಬರೆದದ್ದು, ಗಂಡಾಗಿ ಹುಟ್ಟಿ, ಸೀರೆಯುಟ್ಟು, ಹೆಣ್ಣಾಗಿಯೇ ಬಾಳುತ್ತಿರುವ ನಮ್ಮೂರ ಅಂಜಮ್ಮನವರ ಬಗ್ಗೆ. ಭಾನುವಾರ ಹಬ್ಬದಲ್ಲಿ ಅವರನ್ನು ಮುಂದಿನ ಸಾಲಲ್ಲಿ ಕೂರಿಸಿ, ಅವರೆದುರಿಗೇ ಓದಬೇಕೆಂದು ಕನ್ನಡಿ ಮುಂದೆ ನಿಂತು ಬಾಯಿಪಾಠವನ್ನೂ ಮಾಡಿದ್ದಳು.

ತಾವು ಕರೆದ ಪೋಷಕರ ಸಭೆಯಲ್ಲಿ ನಾನೂ ಇದ್ದೆ. “ಪ್ರೈಮರಿ ಮಕ್ಕಳಿಗೆ ಇಂಥವರ ಚರಿತ್ರೆ ಯಾಕೆ ಸಾರ್? ನಾಳೆ ಮನೇಲಿ ಕೇಳಿದ್ರೆ ಏನ್ ಹೇಳೋದು?” ಅಂದ ಕದಿರೇಶ. “ಮಕ್ಕಳು ಏನೂ ಕೇಳಲ್ಲ ಕಣಪ್ಪ. ದಿನಾ ಅವರ ಹತ್ರ ಕಳ್ಳೇಕಾಯಿ ಇಸ್ಕೊಂಡು ತಿಂತವೆ. ಕೇಳೋರೆಲ್ಲ ನೀವೇ” ಅಂದಳು ಶ್ಯಾಮಲಮ್ಮ. ಎಲ್ಲರೂ ನಕ್ಕರು. ತಾವು ಮಾತ್ರ ನಗಲಿಲ್ಲ. “ಅದು ಬಂದು ಮುಂದಿನ ಸಾಲಲ್ಲಿ ಕೂತ್ಕೊಳ್ಳೋದು ನಮ್ಮ ಸಂಸ್ಕೃತಿಗೆ ಒಗ್ಗೋದಿಲ್ಲ” ಅಂದಿರಿ.

ಅದು!

ನಾನು ಏಳನೇ ಕ್ಲಾಸಿನವಳು ಸ್ವಾಮಿ. ಆದರೂ ಮೇಷ್ಟ್ರು ಕಲಿಸಿದ ವ್ಯಾಕರಣ ಮರೆತಿಲ್ಲ. ಅವನು ಪುಲ್ಲಿಂಗ, ಅವಳು ಸ್ತ್ರೀಲಿಂಗ, ಅದು ನಪುಂಸಕಲಿಂಗ: ಕಲ್ಲು, ಮರ, ಮೇಕೆ. ಮನುಷ್ಯರನ್ನು ಒಯ್ದು ಮೇಕೆಯ ಗೂಟಕ್ಕೆ ಕಟ್ಟುವ ವ್ಯಾಕರಣ ಯಾವ ಕಾಲೇಜಿನದು? ಬರೆಯುವಾಗ ವಾಣಿಶ್ರೀಗೂ ಇದೇ ತೊಡಕು ಬಂದಿತ್ತು. “ಅಜ್ಜಿ, ಬಂದ ಅಂತ ಬರೀಲಾ, ಬಂದಳು ಅಂತಲಾ?” ಅಂದಳು. “ದೊಡ್ಡವರಲ್ವೇನೇ, ಬಂದರು ಅಂತ ಬರಿ” ಅಂದೆ. ಮುಗೀತು. ಮರ್ಯಾದೆ ಕೊಟ್ಟು ಮಾತಾಡಿದರೆ, ಗಂಡೋ ಹೆಣ್ಣೋ ಎಂದು ಕೆದಕುವ ಚಾಳಿ ಕನ್ನಡಕ್ಕೆ ಇಲ್ಲವೇ ಇಲ್ಲ. ಒಂಬತ್ತು ವರ್ಷದ ಹುಡುಗಿಗೆ ತಿಳಿದದ್ದು ತಮಗೆ ತಿಳಿಯದೆ ಹೋಯಿತೇ?

ಸಂಸ್ಕೃತಿ ಅಂದಿರಲ್ಲ. ದೀಪ ಹಚ್ಚದೆ ಒಂದು ತೊಟ್ಟು ನೀರು ಮುಟ್ಟುವವಳಲ್ಲ ನಾನು. ಅರ್ಧನಾರೀಶ್ವರನಿಗೆ ಕೈ ಮುಗಿಯುವಾಗ ತಾವು ಒಂದು ಕಣ್ಣು ಮುಚ್ಚಿಕೊಳ್ಳುತ್ತೀರೇನು?

ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಯ ಒಂದು ಹೆಣ್ಣುಮಗುವೂ ಶಾಲೆಗೆ ಹೋಗುತ್ತಿರಲಿಲ್ಲ. ಶಾಲೆ ಕೆರೆಕಟ್ಟೆಯ ಆಚೆ, ದಾರಿಯಲ್ಲಿ ಹೆಂಡದಂಗಡಿ. ಗಂಡಸರ ಜೊತೆ ಕಳಿಸಲು ಅಪ್ಪಂದಿರು ಒಪ್ಪರು, ಕೂಲಿ ಬಿಟ್ಟು ಬರಲು ಅಮ್ಮಂದಿರಿಗೆ ಆಗದು. “ನಾನ್ ಕರ್ಕೊಂಡೋಗ್ತೀನಿ ಬಿಡ್ರಿ” ಅಂದವರು ಅಂಜಮ್ಮನವರು. ನಾವು ಎಂಟು ಹುಡುಗಿಯರು ಅವರ ಸೆರಗು ಹಿಡಿದು ನಡೆದೆವು. ಕುಡುಕರು ತೆಲುಗಲ್ಲೂ ಕನ್ನಡದಲ್ಲೂ ಹೊಲಸು ಹೊಲಸಾಗಿ ಕೂಗುವರು. ಇವರು ತಿರುಗಿಯೂ ನೋಡದೆ, “ನಡೀರೇ, ಲೇಟಾದ್ರೆ ಮೇಷ್ಟ್ರು ನಿಮ್ಗಲ್ಲ, ನಂಗೆ ಹೊಡೀತಾರೆ” ಎಂದು ನಮ್ಮನ್ನು ನಗಿಸುವರು. ಹೀಗೆ ಏಳು ವರ್ಷ. ಕದಿರೇಶನ ತಾಯಿ ಮುನಿಯಲ್ಲಮ್ಮನೂ ಆ ಎಂಟರಲ್ಲಿ ಒಬ್ಬಳು. ಅವನಿಗೆ ಅಆಇಈ ತಿದ್ದಿಸಿದವಳು ಅವಳೇ. ಇದು ಚರಿತ್ರೆಯಲ್ಲವಾದರೆ ಇನ್ನು ಯಾವುದು ಚರಿತ್ರೆ? ಅಂಥವರನ್ನು ತಾವು ‘ಅದು’ ಎಂದಾಗ ನಾನು ತುಟಿ ಹೊಲಿದುಕೊಂಡು ಕೂತಿದ್ದೆ. ಆ ನಾಚಿಕೆಗೇ ಈ ಪತ್ರ.

ಶನಿವಾರದೊಳಗೆ ಹಾಳೆ ಶಾಲೆ ಸೇರಬೇಕು. ಅಂಜಮ್ಮನವರ ಕುರ್ಚಿ ಮುಂದಿನ ಸಾಲಿನಲ್ಲೇ ಇರಬೇಕು. ಹಾಳೆ ಬರಲಿಲ್ಲವೋ, ಹುಡುಗಿಗೆ ಬಾಯಿಪಾಠವಾಗಿದೆ. ಅದನ್ನು ಕಿತ್ತು ಜೀಪಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಅಂಜಮ್ಮನವರಿಗೆ ಈಗ ಕಾಲು ಸೋತಿದೆ. ಎಂಟರಲ್ಲಿ ಐದು ಜನ ಉಳಿದಿದ್ದೇವೆ, ಸಾಕು. ಅದೇ ಕೆರೆಕಟ್ಟೆಯ ಮೇಲೆ ಈ ಸಲ ನಾವು ಅವರ ಕೈ ಹಿಡಿದು ಕರೆತರುತ್ತೇವೆ. ತಾವು ಶಾಲೆಯ ಬಾಗಿಲಲ್ಲಿ ನಿಂತು ನೋಡಿ, ಒಂದೇ ಒಂದು ಮಾತು ಹೇಳಲು ಕಲಿಯಿರಿ: “ಬಂದರು.”

ಇಂತಿ,
ಸಭೆಯ ದಿನ ನಾಲಿಗೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ
ಭಾರತಮ್ಮ
ಮುಳಬಾಗಿಲು ಸೀಮೆಯ ಒಂದು ಹಳ್ಳಿ, ೨೦೦೫