ನಾಲ್ಕನೆಯ ಶಿಕ್ಷಕಿಗೆ

ಸೋಮವಾರ, ಮಧ್ಯಾಹ್ನ

ಮಗಳೇ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಈ ಹೊತ್ತು ನನಗಿಲ್ಲ. ಚೆನ್ನಾಗಿದ್ದೀಯೆಂದೇ ಅಂದುಕೊಂಡು ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ “ಆ ಡಾಕ್ಟರೇಟು ಬೇಡ ಅಂತ ಬರ್ದುಕೊಟ್ಟೆ ಅತ್ತೆ, ಇನ್ನು ಆ ಮಾತು ಎತ್ತಬೇಡಿ” ಎಂದು ಇಟ್ಟೇಬಿಟ್ಟೆ. ಕಾಗದವಾದರೆ ಹಾಗೆ ನಡುವೆ ಇಡಲಾಗುವುದಿಲ್ಲ. ನಿಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ನಾಳೆ ನೀನಿರುವ ತರಬೇತಿಗೇ ಬರುತ್ತಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಸಿಟ್ಟು ಬಂದರೂ ಕೊನೆಯವರೆಗೆ ಓದು.

ಅವತ್ತು ನಿನ್ನ ಗಂಡನ ಕಾಲೇಜಿನವರು ಮನೆಗೆ ಬಂದಾಗ ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಪ್ರಿನ್ಸಿಪಾಲರು ಪಾಪ, ಒಳ್ಳೆಯ ಮನಸ್ಸಿನಿಂದಲೇ, “ಏನಮ್ಮ, ನಿಂಗೂ ಎಡ್‌ಡಿ ಡಾಕ್ಟರೇಟಿಗೆ ಸೀಟು ಸಿಕ್ತಂತೆ? ಇನ್ಮೇಲೆ ಮನೇಲಿ ಇಬ್ಬರು ಡಾಕ್ಟರು” ಅಂದರು. ನನ್ನ ಮಗರಾಯ ಸುಮ್ಮನಿರಬಾರದೇ? “ಎಡ್‌ಡಿನೋ ದಡ್ಡಿನೋ ಸಾರ್! ಪಿಎಚ್‌ಡಿ ಮಾಡೋಕಾಗದೇ ಇರೋರಿಗೆ ಇಟ್ಟಿರೋದು” ಅಂದ. ಎಲ್ಲರೂ ನಕ್ಕರು. ಟೀ ತಟ್ಟೆ ಹಿಡಿದುಕೊಂಡು ನೀನೂ ನಕ್ಕೆ. ನನಗೆ ಅವನ ಮಾತಿಗೆ ಎಷ್ಟು ಮೈ ಉರಿಯಿತೋ ನಿನ್ನ ನಗುವಿಗೂ ಅಷ್ಟೇ ಉರಿಯಿತು.

ಅವರು ಹೋದ ಮೇಲೆ ಅವನನ್ನು ಹಿಡಿದು ಕೂರಿಸಿದೆ. “ನಿಂದಕ್ಕೂ ಅವಳದಕ್ಕೂ ಏನೋ ವ್ಯತ್ಯಾಸ? ನನ್ನ ತಲೆಗೆ ಹೋಗೋ ಹಾಗೆ ಹೇಳು” ಅಂದೆ. “ನಿಂಗ್ಯಾಕಮ್ಮ ಅದೆಲ್ಲ” ಅಂದ. ಬಿಡಲಿಲ್ಲ. ತನ್ನದು ಸಂಶೋಧನೆಯದಂತೆ. ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ್ದನ್ನು ಕಂಡು, ಓದಿದವರೆಲ್ಲ ಒಪ್ಪುವ ಹಾಗೆ ಸಾಧಿಸಿ ತೋರಿಸಬೇಕಂತೆ. ನಿನ್ನದು ಕೆಲಸದಲ್ಲಿರುವವರಿಗೆ. ನೌಕರಿ ಬಿಡದೆ, ತಾನು ದುಡಿಯುವ ಜಾಗದ ಒಂದು ತೊಡಕನ್ನು ಹಿಡಿದು, ಅದರ ಬಗ್ಗೆ ಬೇರೆಯವರು ಕಂಡದ್ದನ್ನು ಓದಿ, ಏನಾದರೂ ಮಾಡಿ ನೋಡಿ, ಆದದ್ದು ಆಗದ್ದು ಎರಡನ್ನೂ ಬರೆಯಬೇಕು. “ಅವಳೂ ಪ್ರಬಂಧ ಬರೀಬೇಕಾ?” ಅಂದೆ. “ಬರೀಬೇಕು.” “ದೊಡ್ಡವರ ಮುಂದೆ ನಿಂತು ಉತ್ತರ ಕೊಡಬೇಕಾ?” “ಕೊಡಬೇಕಮ್ಮ.” “ಆಮೇಲೆ ಡಾಕ್ಟರ್ ಅಂತಾರಾ?” “ಅಂತಾರೆ.” “ಮತ್ತೆ ದಡ್ಡಿ ಅಂದ್ಯಲ್ಲ, ಯಾರಿಗೋ?” ಬೆಳಿಗ್ಗೆ ಒಮ್ಮೆ ಮಿಂದವನು ಎದ್ದು ಮತ್ತೆ ಸ್ನಾನಕ್ಕೆ ಹೋದ!

ಹಾಗಂತ ಅವನದು ಬರೀ ಕಾಗದ ಅನ್ನಲಾರೆ. ಮಕ್ಕಳು ಪಾಠ ಗಡಗಡ ಓದುತ್ತಾರೆ, ಓದಿದ್ದೇನು ಅಂದರೆ ಬಾಯಿ ಬಿಡುವುದಿಲ್ಲ, ಯಾಕೆ ಎಂದು ಶಾಲೆ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ. ಕಾರಣ ಸಿಕ್ಕಿತು, ನೌಕರಿ ಸಿಕ್ಕಿತು, ನೀನೂ ಸಿಕ್ಕಿದೆ. ಮಗನ ಪಠ್ಯಪುಸ್ತಕದಲ್ಲೇ ಅಕ್ಷರ ಕಲಿತವಳು ನಾನು. ಆ ದಪ್ಪ ಪ್ರಬಂಧವನ್ನೂ ಬೇಸಿಗೆಯಿಡೀ ಬೆರಳಿಟ್ಟುಕೊಂಡು ಓದಿದ್ದೇನೆ. ಅದರಲ್ಲಿ ನಿನಗೆ ಹೆಸರಿಲ್ಲ, ‘ನಾಲ್ಕನೆಯ ಶಿಕ್ಷಕಿ’ ಅಷ್ಟೆ. ನಾಲ್ಕನೆಯ ಶಿಕ್ಷಕಿ ಪ್ರಶ್ನೆ ಕೇಳಿ, ಮಕ್ಕಳಿಗೆ ಉಸಿರಾಡಲೂ ಬಿಡದೆ ಉತ್ತರವನ್ನು ತಾನೇ ಹೇಳಿಬಿಡುತ್ತಾಳೆ ಎಂದು ಬರೆದಿದ್ದಾನೆ. ಬರೆದು ಮುಗಿಸಿ, ಅವಳನ್ನೇ ಮದುವೆಯಾದ.

ಈಗ ನೀನು ಅದೇ ಶಾಲೆಯ ಹೆಡ್‌ಮಿಸ್. ಮಕ್ಕಳು ಈಗಲೂ ಹಾಗೇ ಗಡಗಡ ಓದುತ್ತಾರೆ. ಏನು ಮಾಡಿದರೆ ಅವರು ಅರ್ಥ ಹಿಡಿದಾರು ಅಂತ ನೀನು ಹೊರಟರೆ, “ನಾನು ಆಗಲೇ ಬರೆದಾಯ್ತಲ್ಲ, ಅದರಲ್ಲಿ ಉಳಿದಿರೋದೇನು” ಅನ್ನುತ್ತಾನೆ. ಮಕ್ಕಳು ಉಳಿದಿದ್ದಾರಲ್ಲೋ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವನ ಪಿಎಚ್‌ಡಿ ಮುಗಿಯುವವರೆಗೆ ಕುಕ್ಕರಿನ ಕೂಗಿಗೂ ಹೆದರಿಕೊಂಡು ಅಡುಗೆ ಮಾಡಿದವಳು ನಾನು. ನಿನ್ನದು ಶುರುವಾಗುವ ಮೊದಲೇ ಇವನದು “ಸಂಜೆ ಊಟಕ್ಕೇನು ಗತಿ” ಅಂತ ರಾಗ.

ಆದರೆ ಎಲ್ಲವನ್ನೂ ಅವನ ತಲೆಗೇ ಕಟ್ಟಲಾರೆ ಮಗಳೇ. ಅರ್ಜಿಗೆ ಬರೆದದ್ದನ್ನು ನೀನು ನನಗೆ ಓದಿ ಹೇಳುತ್ತಿದ್ದೆಯಲ್ಲ. “ನನ್ನ ಶಾಲೆಯಲ್ಲಿ, ನನ್ನ ತರಗತಿಯಲ್ಲೂ” ಅನ್ನುವಲ್ಲಿ ತಡವರಿಸಿದೆ. ಅದನ್ನು ಹೊಡೆದುಹಾಕಿ “ಕೆಲವು ಶಾಲೆಗಳಲ್ಲಿ” ಎಂದು ಮಾಡಿದೆ. ಆಮೇಲೆ ಮತ್ತೆ ಮೊದಲಿನದನ್ನೇ ಬರೆದೆ. “ಸ್ಟಾಫ್‌ರೂಮಲ್ಲಿ ಇದನ್ನ ಓದಿದ್ರೆ ಯಾರಾದ್ರೂ ನನ್ನ ಜೊತೆ ಮಾತಾಡ್ತಾರಾ ಅತ್ತೆ?” ಎಂದು ಕೇಳಿದೆ. ಅದಕ್ಕೆ ಏನು ಹೇಳಬೇಕೋ ನನಗೆ ಈಗಲೂ ತಿಳಿದಿಲ್ಲ.

ಅವನು ಕಂಡವರ ತರಗತಿಯ ಹುಳುಕು ಬರೆದುಕೊಂಡು ಬಸ್ಸು ಹತ್ತಿದ. ನೀನು ನಿನ್ನದನ್ನೇ ಬರೆದು, ಮಾರನೆಯ ದಿನ ಜೊತೆಯ ಟೀಚರುಗಳ ನಡುವೆಯೇ ಕೂತು ಊಟದ ಡಬ್ಬಿ ಬಿಚ್ಚಬೇಕು. ಅವನು ‘ನಾಲ್ಕನೆಯ ಶಿಕ್ಷಕಿ’ ಅಂತ ಬರೆದ ಕಡೆ ನೀನು ‘ನಾನು’ ಅಂತ ಬರೆಯಬೇಕು. ಭಯವಾಗುತ್ತದೆ ಅಂದಿದ್ದರೆ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದೆ. ಅದು ಬಿಟ್ಟು, “ನಿಮ್ಮ ಮಗನಿಗೆ ಇಷ್ಟವಿಲ್ಲ, ಅದಕ್ಕೇ ಬಿಟ್ಟೆ” ಅನ್ನುತ್ತೀಯ! ಯಾವತ್ತು ಅವನ ಮಾತು ಕೇಳಿದ್ದೀಯ ನೀನು? ಪರದೆಯ ಬಣ್ಣಕ್ಕೂ ಜಗಳವಾಡಿ ಗೆದ್ದವಳು! ಅವನೋ, ತನ್ನ ಕುಚೋದ್ಯ ಫಲ ಕೊಟ್ಟಿತು ಅಂದುಕೊಂಡು ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದಾನೆ. ಇಬ್ಬರ ನಡುವೆ ನನಗೆ ತಲೆ ಚಿಟ್ಟು ಹಿಡಿದಿದೆ.

ಓದುವುದೂ ಬಿಡುವುದೂ ನಿನಗೆ ಸೇರಿದ್ದು. ಬಿಟ್ಟರೂ ನೀನು ನನ್ನ ಮಗಳೇ. ಆದರೆ ಯಾಕೆ ಬಿಟ್ಟೆ ಎಂದು ನಿನಗಾದರೂ ನೀನು ಸರಿಯಾಗಿ ಹೇಳಿಕೋ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಅತ್ತೆ

ತಾ.ಕ.: ಇದನ್ನು ಬರೆಯುವುದೇ ಬೇಡ ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಬೆಳಿಗ್ಗೆ ವಿಶ್ವವಿದ್ಯಾಲಯದ ಗುಮಾಸ್ತರು ಫೋನ್ ಮಾಡಿದ್ದರು, ನಿನ್ನ ನಂಬರು ಸಿಗಲಿಲ್ಲವಂತೆ. “ಅತ್ತೆ ಹಾಸಿಗೆ ಹಿಡಿದಿದ್ದಾರೆ, ನೋಡ್ಕೊಳ್ಳೋರು ಬೇರೆ ಯಾರೂ ಇಲ್ಲ, ಅದಕ್ಕೇ ಸೀಟು ಬೇಡ ಅಂತ ಮೇಡಂ ಬರ್ದಿದ್ದಾರೆ. ಪಾಪ, ಈಗ ಹೇಗಿದ್ದಾರೆ ಅವರು?” ಎಂದು ಕೇಳಿದರು. ನಾನು ಸ್ಟೂಲಿನ ಮೇಲೆ ನಿಂತು ಫ್ಯಾನು ಒರೆಸುತ್ತಿದ್ದೆ. “ಅತ್ತೇನೇ ಮಾತಾಡ್ತಿರೋದು, ಈಗಷ್ಟೇ ಎದ್ದೆ” ಅಂದೆ. ಆತ ಬಿದ್ದು ಬಿದ್ದು ನಕ್ಕರು. ನಿನ್ನ ಕಾಗದವನ್ನು ಶುಕ್ರವಾರದವರೆಗೆ ಮೇಲಕ್ಕೆ ಕಳಿಸುವುದಿಲ್ಲವಂತೆ. ಬಿಡುವುದೇ ಆದರೆ ಅಷ್ಟರೊಳಗೆ ಬೇರೆ ಕಾರಣ ಬರೆದುಕೊಡು. ನಾನಂತೂ ಮತ್ತೆ ಮಲಗುವವಳಲ್ಲ.