ಭರ್ಚಿಯ ಪಕ್ಕದ ಪುಸ್ತಕ

ಬುಧವಾರ, ಅಕ್ಟೋಬರ್ 1, 2025. ಮೈಂದರ್ಗಿ

ಪ್ರಾಧ್ಯಾಪಕ ಶಂಕರೆಪ್ಪ ನನ್ನ ಅಜ್ಜನನ್ನು ದರೋಡೆಕೋರರ ವಂಶದವನೆಂದು ಅಚ್ಚು ಹಾಕಿಸಿದ್ದಾನೆ. ಹಳೆಯ ಆಯುಧಗಳ ಕುರಿತ ಅವನ ಸಂಶೋಧನೆಯ ಪುಸ್ತಕದಲ್ಲಿ ನಮ್ಮ ಮನೆಯ ಭರ್ಚಿಯ ಚಿತ್ರವಿದೆ. ಕೆಳಗೆ ಮರಾಠಿಯಲ್ಲಿ ಒಂದೇ ಸಾಲು: ದಾರಿ ಸುಲಿಗೆಗೆ ಬಳಸುತ್ತಿದ್ದದ್ದು, ಕುರಿಗಾರರ ಮನೆಯಿಂದ. ತೋಳ ಓಡಿಸುವ ಭರ್ಚಿ ಎಂದು ಅಜ್ಜ ಎರಡು ದಿನ ಕೂತು ಅವನಿಗೆ ಹೇಳಿದ್ದ.

ಇವತ್ತು ಖಂಡೇನವಮಿ, ಆಯುಧಗಳ ಪೂಜೆ. ಓದಲು ಬಾರದ ಅಜ್ಜ ಆ ಪುಸ್ತಕವನ್ನೂ ಭರ್ಚಿಯ ಪಕ್ಕದಲ್ಲಿಟ್ಟು, ನಮ್ಮ ಪುಟ ತೆರೆದು ದೇವರ ಭಂಡಾರದ ಅರಿಶಿನ ಹಚ್ಚಿದ.

“ನಮ್ಮ ಬೀರಪ್ಪ ದೇವರ ಭರ್ಚಿ ಕಾಲೇಜಿಗಿ ಹೋಗ್ಯಾದ, ನೋಡ್ರಿ!” ಎಂದು ಓಣಿಯವರನ್ನೆಲ್ಲ ಕರೆದ.

ಸುಳ್ಳನ್ನು ಜನರ ನಡುವೆಯೇ ಬಯಲು ಮಾಡಬೇಕೆಂದು ನಾನು ಓದಿದ ಹೋರಾಟದ ಕರಪತ್ರಗಳೆಲ್ಲ ಹೇಳುತ್ತವೆ. ಆ ಸಾಲನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಎರಡು ಸಲ ಓದಿದೆ.

“ಹಣಮಂತಪ್ಪಾ, ಹಂಗಾದ್ರ ನನ್ನ ಕಳದ ಟಗರು ಎಲ್ಲಿ ಅದಪಾ?” ಎಂದು ಓಣಿಯ ಗುರುಸಿದ್ಧಕಾಕಾ ಅಜ್ಜನನ್ನು ಕೇಳಿ ನಕ್ಕ. ಎಲ್ಲರೂ ನಕ್ಕರು.

ಅಜ್ಜ ಪುಟದ ಮೇಲಿನ ಭಂಡಾರವನ್ನು ಧೋತರದ ತುದಿಯಿಂದ ಒರೆಸಿದ. “ಪೂಜಿ ಮುಗದ ಮ್ಯಾಲ ಓದಿದ್ರ ಆಗ್ತಿದ್ದಿಲ್ಲೇನ, ಸೋನಿ?” ಎಂದ. ಉಣ್ಣದೆ ಮಲಗಿದ್ದಾನೆ.

ಶಂಕರೆಪ್ಪನಿಗೆ ಫೋನ್ ಮಾಡಿ ಬೈದೆ. “ಮುದುಕಗ ಓದಾಕ ಬರಂಗಿಲ್ಲ. ನೀ ಯಾಕ ಓದಿ ಹೇಳಿದಿ?” ಎಂದು ಕೇಳಿದ. ಫೋನ್ ಕಟ್ ಮಾಡಿದೆ.

ಸೋಲಾಪುರದ ಕಾಲೇಜಿನಲ್ಲಿ ಅವನ ಭಾಷಣವಿದೆ. ಅಜ್ಜನನ್ನು ಮೊದಲ ಸಾಲಿನಲ್ಲಿ ಕೂರಿಸಿ, ಶಂಕರೆಪ್ಪನ ಬಾಯಿಂದಲೇ ಅದನ್ನು ಓದಿಸುತ್ತೇನೆ. ಅಜ್ಜ ಮೂರನೆಯ ಸಲ ಕೇಳಬೇಕಾಗುತ್ತದೆ. ಕೇಳಲಿ. ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ.